ಬೇಸಿಗೆ ಸಂಜೆಗೆ ಸಿಹಿಯಿಲ್ಲದ ಬಿಳಿ ವೈನ್

ಪ್ರಶ್ನೆ: ಹೆಚ್ಚು ದುಡ್ಡು ಸುರಿಯದೆ, ಸಿಹಿಯಿಲ್ಲದ ಬಿಳಿ ವೈನ್ ಆರಿಸುವುದು ಹೇಗೆ? – ಓದುಗರು, ಮಲ್ಲಿಪಟ್ಟಣ

ಉತ್ತರ: ಆಮದು ಬಾಟಲಿ ಬೇಡ, ಸುಂಕ ಸೇರಿ ಅದರ ಬೆಲೆ ಏರಿರುತ್ತದೆ. ನಂದಿಬೆಟ್ಟದ ಸೀಮೆಯ ದೊಡ್ಡಬಳ್ಳಾಪುರದಲ್ಲೇ ಗ್ರೋವರ್ ಝಂಪಾ ಕಂಪನಿ ಒಳ್ಳೆಯ ಬಿಳಿ ವೈನ್ ಮಾಡುತ್ತದೆ. ನಾಸಿಕ್‌ನ ಸುಲಾ ಕೂಡ ಸುಲಭವಾಗಿ ಸಿಗುತ್ತದೆ. ಲೇಬಲ್ ಮೇಲೆ ಸೋವಿನ್ಯಾನ್ ಬ್ಲಾಂಕ್ ಎಂಬ ದ್ರಾಕ್ಷಿ ತಳಿಯ ಹೆಸರು ಹುಡುಕಿ. ಹಣ್ಣಿನ ಸಕ್ಕರೆಯೆಲ್ಲ ಹೆಚ್ಚುಕಡಿಮೆ ಹುದುಗಿ ಮದ್ಯಸಾರವಾಗಿರುವುದರಿಂದ ಇದರಲ್ಲಿ ಸಿಹಿ ಉಳಿದಿರುವುದಿಲ್ಲ, ನಿಂಬೆಯಂಥ ಹುಳಿ ಮುಂದಿರುತ್ತದೆ. ಹೇಮಾವತಿಯ ಮೀನು ಹುರಿದ ಸಂಜೆಗೆ ನನ್ನ ಆಯ್ಕೆ ಇದೇ. ಇನ್ನೊಂದು ತಳಿ ಶೆನಿನ್ ಬ್ಲಾಂಕ್ ಅಗ್ಗವೇನೋ ಹೌದು, ಆದರೆ ನಮ್ಮಲ್ಲಿ ಅದು ಸಾಮಾನ್ಯವಾಗಿ ತುಸು ಸಿಹಿಯಾಗಿಯೇ ಬರುತ್ತದೆ. ಖಾರದ ಸಾರಿಗೆ ಹೊಂದೀತು, ನೀವು ಕೇಳಿದ್ದು ಅದಲ್ಲ.

ಕೊಳ್ಳುವಾಗ ಬಾಟಲಿಯ ಮೇಲಿನ ವರ್ಷ ನೋಡಿ. ಈ ಬೆಲೆಯ ಬಿಳಿ ವೈನ್ ಹಳತಾದಷ್ಟೂ ಸೊರಗುತ್ತದೆ, ಒಂದೆರಡು ವರ್ಷದೊಳಗಿನದೇ ಚೆನ್ನ. ಬಿಸಿಲು ಬೀಳುವ ಕಪಾಟಿನಲ್ಲಿ ನಿಂತದ್ದನ್ನು ತೆಗೆದುಕೊಳ್ಳಲೇಬೇಡಿ. ಕುಡಿಯುವ ಮುನ್ನ ಎರಡು ಮೂರು ಗಂಟೆ ಫ್ರಿಜ್‌ನಲ್ಲಿಡಿ. 8ರಿಂದ 10 ಡಿಗ್ರಿ ತಂಪು ಸಾಕು. ಐಸ್ ಹಾಕಿದರೆ ನೀರಾಗುತ್ತದೆ. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.