ಅಬಿಡೋಸಿನ ಭಿತ್ತಿಶಿಲ್ಪಗಳು

ಈಜಿಪ್ಟ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಪಿರಮಿಡ್ಡುಗಳು. ಅವುಗಳನ್ನು ಬಿಟ್ಟರೆ ಮಮ್ಮಿಗಳು. ಕಳೆದ ವರ್ಷದವರೆಗೆ ನನ್ನ ತಿಳಿವಳಿಕೆಯೂ ಅಷ್ಟೇ ಆಗಿತ್ತು. ಒಂದು ದಿನ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಅಬಿಡೋಸ್ ಎಂಬಲ್ಲಿನ ದೇವಾಲಯದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಆ ಆಕೃತಿಗಳ ಮುಖ ಪಕ್ಕಕ್ಕೆ, ಕಣ್ಣು ಎದುರಿಗೆ. ಭುಜಗಳು ಎದುರಿಗೆ, ಕಾಲುಗಳು ಮತ್ತೆ ಪಕ್ಕಕ್ಕೆ. "ಇವರಿಗೆ ಸರಿಯಾಗಿ ಚಿತ್ರ ಬರೆಯಲು ಬರುತ್ತಿರಲಿಲ್ಲವೇ ಸಾರ್?" ಎಂದು ನಾನು ಕೇಳಿಯೇಬಿಟ್ಟೆ. ತರಗತಿಯೆಲ್ಲ ನಕ್ಕಿತು, ಅಧ್ಯಾಪಕರು ನಗಲಿಲ್ಲ. "ಇದನ್ನು ಜನ ನೋಡಲಿ ಎಂದು ಮಾಡಿದರೆಂದು ನಿನಗೆ ಯಾರು ಹೇಳಿದರು?" ಎಂದರು. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಬಿಡೋಸ್ ಇರುವುದು ಕೈರೋ ನಗರದಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ; ನೈಲ್ ನದಿಯ ಪಶ್ಚಿಮಕ್ಕೆ, ಹೊಲಗಳು ಮುಗಿದು ಮರಳುಗಾಡು ಮೊದಲಾಗುವ ಅಂಚಿನಲ್ಲಿ. ಕ್ರಿ. ಪೂ. ಸುಮಾರು 1290ರಿಂದ 1279ರವರೆಗೆ ಆಳಿದ ಒಂದನೆಯ ಸೇಟಿ ಎಂಬ ಅರಸನು ಬಿಳಿಯ ಸುಣ್ಣಕಲ್ಲಿನಿಂದ ಈ ದೇವಾಲಯವನ್ನು ಕಟ್ಟಿಸಲು ತೊಡಗಿದನು. ಮುಗಿಸಿದವನು ಅವನ ಮಗ ಎರಡನೆಯ ರಾಮ್ಸೆಸ್. ಒಳಗೆ ಒಂದರ ಪಕ್ಕದಲ್ಲಿ ಒಂದರಂತೆ ಏಳು ಗರ್ಭಗುಡಿಗಳಿವೆ. ಆರು ದೇವತೆಗಳಿಗೆ ಸೇರಿದವು; ಏಳನೆಯದು ಸ್ವತಃ ಸೇಟಿಗೆ.

ಆ ದೇವತೆಗಳನ್ನು ಗುರುತಿಸುವುದು ಕಷ್ಟವಲ್ಲ. ಎರಡು ನೀಳವಾದ ಗರಿಗಳ ಕಿರೀಟ ಧರಿಸಿದವನು ಆಮುನ್. ಗಿಡುಗನ ತಲೆಯ ಮೇಲೆ ಸೂರ್ಯಬಿಂಬವನ್ನು ಹೊತ್ತವನು ರಾ-ಹೋರಖ್ತಿ. ತಲೆಗೆ ಅಂಟಿದಂಥ ಟೊಪ್ಪಿಗೆಯವನು ಪ್ತಾ; ಶಿಲ್ಪಿಗಳಿಗೂ ಕುಶಲಕರ್ಮಿಗಳಿಗೂ ಇವನೇ ಅಧಿದೇವತೆ. ಉಳಿದ ಮೂವರು ಒಂದೇ ಸಂಸಾರದವರು. ಬಟ್ಟೆಯಲ್ಲಿ ಸುತ್ತಿದ ಶವದ ರೂಪದಲ್ಲಿ, ರಾಜದಂಡಗಳನ್ನು ಹಿಡಿದು ನಿಂತವನು ಓಸಿರಿಸ್. ತಲೆಯ ಮೇಲೆ ಸಿಂಹಾಸನದ ಗುರುತುಳ್ಳವಳು ಅವನ ಪತ್ನಿ ಐಸಿಸ್. ಗಿಡುಗನ ಮುಖದವನು ಅವರ ಮಗ ಹೋರಸ್. ಓಸಿರಿಸನನ್ನು ಅವನ ತಮ್ಮನಾದ ಸೇಥನೇ ಕೊಂದನೆಂದೂ, ಐಸಿಸ್ ತನ್ನ ಶಕ್ತಿಯಿಂದ ಗಂಡನಿಗೆ ಮತ್ತೆ ಜೀವ ತಂದಳೆಂದೂ, ಅಂದಿನಿಂದ ಅವನು ಮೃತರ ಲೋಕಕ್ಕೆ ಅರಸನಾದನೆಂದೂ ಕಥೆ. ಅಬಿಡೋಸ್ ಅವನ ಮುಖ್ಯ ಕ್ಷೇತ್ರ.

ಗರ್ಭಗುಡಿಗಳ ಗೋಡೆಗಳ ತುಂಬ ನಿತ್ಯಪೂಜೆಯ ಕ್ರಮವನ್ನು ಕೆತ್ತಿದ್ದಾರೆ. ಅರಸನು ಮಂದಾಸನದ ಅಗಳಿ ಸರಿಸಿ ಬಾಗಿಲು ತೆರೆಯುತ್ತಾನೆ, ಧೂಪ ಹಾಕುತ್ತಾನೆ, ದೇವರ ಮೈಗೆ ಸುಗಂಧತೈಲ ಲೇಪಿಸಿ, ನಾರುಬಟ್ಟೆ ಉಡಿಸಿ, ಆಭರಣ ತೊಡಿಸುತ್ತಾನೆ. ನಿಜವಾಗಿ ಪ್ರತಿದಿನ ಇದನ್ನೆಲ್ಲ ಮಾಡುತ್ತಿದ್ದವರು ಅರ್ಚಕರು. ಆದರೆ ಈ ಪೂಜಾಚಿತ್ರಗಳಲ್ಲಿ ಅರ್ಚಕರನ್ನು ಕಾಣೆವು. ಪೂಜೆಯ ಅಧಿಕಾರ ಅರಸನದು, ಆದ್ದರಿಂದ ಶಿಲ್ಪದಲ್ಲಿ ಅವನೇ ನಿಲ್ಲಬೇಕು. ಜನಸಾಮಾನ್ಯರಿಗಂತೂ ಇಷ್ಟು ಒಳಕ್ಕೆ ಪ್ರವೇಶವೇ ಇರಲಿಲ್ಲ. ಹಾಗಾದರೆ ಈ ಕತ್ತಲಲ್ಲಿ ಇಷ್ಟೊಂದು ಕೆತ್ತನೆ ಯಾರಿಗಾಗಿ?

ಉತ್ತರವಿಷ್ಟೆ: ಪ್ರಾಚೀನ ಈಜಿಪ್ಟಿನವರಿಗೆ ಇವು ಅಲಂಕಾರವಾಗಿರಲಿಲ್ಲ. ಕೆತ್ತಿದ ಪೂಜೆ ನಡೆಯುತ್ತಲೇ ಇರುವ ಪೂಜೆ. ಕೆತ್ತಿದ ಹೆಸರು ಬದುಕಿರುವ ಹೆಸರು. ಅರ್ಚಕನು ತಪ್ಪಿದರೂ ಗೋಡೆ ತಪ್ಪುವುದಿಲ್ಲ. ಹೀಗಿರುವಾಗ ಆಕೃತಿಯಲ್ಲಿ ಯಾವ ಅಂಗವೂ ಮರೆಯಾಗಕೂಡದು. ಕಣ್ಣು ಎದುರಿನಿಂದ ಪೂರ್ಣವಾಗಿ ಕಾಣುತ್ತದೆ, ಮೂಗು ಪಕ್ಕದಿಂದ. ಶಿಲ್ಪಿಯು ಪ್ರತಿಯೊಂದು ಅಂಗಕ್ಕೂ ಅದರ ಪೂರ್ಣರೂಪವನ್ನೇ ಆರಿಸಿಕೊಂಡನು. ಅಂದು ನಾನು ಅಜ್ಞಾನವೆಂದು ನಕ್ಕದ್ದು ಅವರ ಶಾಸ್ತ್ರವೇ ಆಗಿತ್ತು.

ಕೆಲಸದ ಕ್ರಮವೂ ಕಟ್ಟುನಿಟ್ಟಾದುದು. ನುಣುಪು ಮಾಡಿದ ಗೋಡೆಯ ಮೇಲೆ ಚೌಕಗಳನ್ನು ಎಳೆದು, ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಿನ ಅಂಚಿನವರೆಗೆ 18 ಚೌಕ ಎಂಬ ಅಳತೆಯಲ್ಲಿ ಕೆಂಪು ಬಣ್ಣದಿಂದ ರೇಖೆ ಬರೆಯುತ್ತಿದ್ದರು. ಹಿರಿಯರು ಅದನ್ನು ಕಪ್ಪಿನಿಂದ ತಿದ್ದುತ್ತಿದ್ದರು. ಆಮೇಲೆ ಉಳಿ, ಕೊನೆಗೆ ಬಣ್ಣ. ಸೇಟಿಯ ಕಾಲದ ಕೆಲಸ ಉಬ್ಬುಶಿಲ್ಪ: ಸುತ್ತಲಿನ ಕಲ್ಲನ್ನೆಲ್ಲ ತೆಗೆದು ಆಕೃತಿಯನ್ನು ಮೇಲೆಬ್ಬಿಸಿದ್ದು. ರಾಮ್ಸೆಸನು ಮುಗಿಸಿದ ಹೊರಭಾಗಗಳಲ್ಲಿ ಹೆಚ್ಚಾಗಿ ಆಕೃತಿಯನ್ನೇ ಕಲ್ಲಿನ ಒಳಕ್ಕೆ ತೋಡಿದ್ದಾರೆ. ಇದು ಬೇಗ ಮುಗಿಯುವ ಕೆಲಸ; ಬಿಸಿಲಿನಲ್ಲಿ ನೆರಳು ಬಿದ್ದು ಗೆರೆ ಎದ್ದು ಕಾಣುತ್ತದೆ; ಅಳಿಸುವುದೂ ಸುಲಭವಲ್ಲ. ತಂದೆಯ ನಯ ಇದರಲ್ಲಿಲ್ಲ. ಒಳಗಿನ ಶಿಲ್ಪಗಳ ಬಣ್ಣ ಇಂದಿಗೂ ಎಷ್ಟೋ ಕಡೆ ಉಳಿದಿದೆ. ಏಮಿಸ್ ಕ್ಯಾಲ್ವರ್ಲಿ ಮತ್ತು ಮರ್ಟಲ್ ಬ್ರೂಮ್ ಎಂಬ ಇಬ್ಬರು ಮಹಿಳೆಯರು ವರ್ಷಗಟ್ಟಲೆ ಅಲ್ಲಿದ್ದು ಅವನ್ನು ನಕಲು ಮಾಡಿದರು. ಆ ಚಿತ್ರಗಳು 1933ರಿಂದ 1958ರವರೆಗೆ 4 ದೊಡ್ಡ ಸಂಪುಟಗಳಾಗಿ ಹೊರಬಂದವು.

ಕೆತ್ತಿದ್ದು ಬದುಕಿರುತ್ತದೆಂಬ ನಂಬಿಕೆ ಎಷ್ಟು ಗಾಢವಾಗಿತ್ತೆಂಬುದಕ್ಕೆ ಅರಸನ ಹೆಸರೇ ಸಾಕ್ಷಿ. 'ಸೇಟಿ' ಎಂದರೆ ಸೇಥನವನು ಎಂದರ್ಥ. ಅದನ್ನು ಬರೆಯಲು ಸಾಮಾನ್ಯವಾಗಿ ಸೇಥನ ಚಿತ್ರಾಕ್ಷರ ಬೇಕು. ಆದರೆ ಕೊಲೆಯಾದವನ ಮನೆಯಲ್ಲಿ ಕೊಂದವನ ಚಿತ್ರವನ್ನು ಹೇಗೆ ಕೆತ್ತುವುದು? ಅಬಿಡೋಸಿನಲ್ಲಿ ಅದರ ಸ್ಥಾನದಲ್ಲಿ ಓಸಿರಿಸನ ಚಿತ್ರವನ್ನೋ ಐಸಿಸಳ ಗಂಟಿನ ಗುರುತನ್ನೋ ಕೆತ್ತಿ, ಅರಸನ ಹೆಸರನ್ನೇ ತಿದ್ದಿದರು.

ಹೆಸರು ಬದುಕಿಸುವುದಾದರೆ, ಹೆಸರು ಬಿಡುವುದು ಕೊಲ್ಲುವುದೇ ಆಯಿತಲ್ಲವೆ? ಅಲ್ಲಿನ ಒಂದು ಓಣಿಯ ಗೋಡೆಯಲ್ಲಿ ಸೇಟಿಯು ಪೂರ್ವಜರಿಗೆ ಅರ್ಪಣೆ ಮಾಡುತ್ತಿದ್ದಾನೆ. ಅವನ ಮುಂದೆ ಬಾಲಕ ರಾಮ್ಸೆಸ್ ಸುರುಳಿ ಹಿಡಿದು ನಿಂತಿದ್ದಾನೆ. ಎದುರಿಗೆ ಮೊದಲ ಅರಸ ಮೆನೆಸನಿಂದ ಹಿಡಿದು ಸೇಟಿಯವರೆಗೆ 76 ಹೆಸರುಗಳು. ಇತಿಹಾಸಕಾರರಿಗೆ ಇದೊಂದು ನಿಧಿ. ಆದರೆ ಹೆಂಗಸಾಗಿ ಫೆರೋ ಪಟ್ಟವೇರಿ ಸುಮಾರು 20 ವರ್ಷ ಆಳಿದ ಹತ್‌ಶೆಪ್ಸುತ್ ಅಲ್ಲಿಲ್ಲ. ಹಳೆಯ ದೇವತೆಗಳನ್ನು ತಳ್ಳಿ ಸೂರ್ಯಬಿಂಬವನ್ನೇ ಪೂಜಿಸಿದ ಅಖೆನಾತೆನ್ ಇಲ್ಲ. ಅವನ ಬಳಿಕ ಆ ದೇವತೆಗಳಿಗೆ ಮತ್ತೆ ಪೂಜೆ ನಡೆಸಿದ ಬಾಲಕ ತುತಾಂಖಾಮುನ್ ಕೂಡ ಇಲ್ಲ. ವಿಧಿಯ ವಿಚಿತ್ರ ನೋಡಿ: 1922ರಲ್ಲಿ ಹವರ್ಡ್ ಕಾರ್ಟರ್ ಆ ಬಾಲಕನ ಸಮಾಧಿಯನ್ನು ಪತ್ತೆಮಾಡಿದ ಮೇಲೆ ಲೋಕಕ್ಕೆಲ್ಲ ಗೊತ್ತಿರುವ ಫೆರೋ ಅವನೇ.

ಇದನ್ನು ಓದಿದ ರಾತ್ರಿ ನನಗೆ ನಮ್ಮ ಮನೆ ನೆನಪಾಯಿತು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಟ್ಟು, ನಮ್ಮ ತಂದೆಯವರು ಒಬ್ಬೊಬ್ಬರ ಹೆಸರು ಹೇಳಿ ಕೈಮುಗಿಯುತ್ತಾರೆ. ಜಮೀನಿನ ಜಗಳದಲ್ಲಿ ಮನೆ ಬಿಟ್ಟು, ಪರಸ್ಥಳದಲ್ಲಿ ತೀರಿಕೊಂಡ ದೊಡ್ಡಪ್ಪನ ಹೆಸರು ಆ ಸಾಲಿನಲ್ಲಿ ಬರುತ್ತಿರಲಿಲ್ಲ. ಈ ಸಲ ನಾನು ಧೈರ್ಯಮಾಡಿ, "ಅಪ್ಪಾ, ದೊಡ್ಡಪ್ಪನ ಹೆಸರು?" ಎಂದೆ. ತಂದೆಯವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಒಳಗಿನಿಂದ ಇನ್ನೊಂದು ಎಲೆ ತಂದು ಹಾಕಿದರು. ತಂದೆಯವರು ಬೇಡವೆನ್ನಲಿಲ್ಲ.

ಅಬಿಡೋಸಿನ ಶಿಲ್ಪಿಗಳ ಕೈಚಳಕಕ್ಕೆ ನಾವು ತಲೆದೂಗಲೇಬೇಕು. ಅದರೊಡನೆ, ಇತಿಹಾಸದ ವಿದ್ಯಾರ್ಥಿಗಳಾದ ನಾವು ಯಾವ ಪಟ್ಟಿಯನ್ನು ಓದಿದರೂ ಅದರಲ್ಲಿರುವ ಹೆಸರುಗಳನ್ನು ಎಣಿಸಿದ ಮೇಲೆ, ಬಿಟ್ಟುಹೋದವರು ಯಾರೆಂದು ಒಮ್ಮೆ ಕೇಳುವುದನ್ನು ಮರೆಯಬಾರದು. ತರಗತಿಯಲ್ಲಿ ನನ್ನ ಅವಿವೇಕದ ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟ ನಮ್ಮ ಅಧ್ಯಾಪಕರಿಗೆ ನಾನು ಕೃತಜ್ಞನಾಗಿದ್ದೇನೆ.