ಆಟದ ಮಾತಿನಲ್ಲಿ ಸರಸದ ಮರ್ಯಾದೆ

ಆಂಗ್ಲ ಕಾದಂಬರಿಗಳನ್ನು ಓದಿದ ಶ್ರೋತೃಗಳಿಗೆ ಅಲ್ಲಿಯ ನರ್ತನಕೂಟಗಳು ಪರಿಚಿತವೇ. ಪುರುಷನು ತಲೆಬಾಗಿ, ಒಂದೆರಡು ಹೊಗಳಿಕೆಯ ಮಾತನ್ನಾಡಿ ಕುಣಿತಕ್ಕೆ ಕರೆಯುತ್ತಾನೆ. ಸ್ತ್ರೀಯು ಒಪ್ಪಬಹುದು, ಇಲ್ಲವೆ ಬಳಲಿಕೆಯ ನೆವ ಹೇಳಿ ನಯವಾಗಿ ಒಲ್ಲೆನೆನ್ನಬಹುದು. ಅಲ್ಲಿಯೂ ಎಲ್ಲೆಯ ಜಗಳ ಇದ್ದೇ ಇತ್ತು. 1816ರಲ್ಲಿ ವಾಲ್ಟ್ಸ್ ಎಂಬ ಕುಣಿತವು ಲಂಡನ್ನಿನ ರಾಜಕೂಟದಲ್ಲಿ ಕಾಣಿಸಿಕೊಂಡಾಗ ಟೈಮ್ಸ್ ಪತ್ರಿಕೆಯು ಅದನ್ನು ಅಸಭ್ಯವೆಂದು ಜರೆಯಿತು.

ಈ ಬಗೆಯ ಚಾಟೂಕ್ತಿ ನಮ್ಮಲ್ಲಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿ ಬನ್ನಿರೆಂದು ನಾನು ಹೇಳುವೆನು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ಭರತ ಚಕ್ರವರ್ತಿಯ ಅಂತಃಪುರದ ಸರಸವನ್ನು ಹಾಡಿದ ನಾಡು ಅದು; ಅಲ್ಲಿಗೆ ಈ ರುಚಿ ಹೊಸದೇನೂ ಅಲ್ಲ.

ಆಟದಲ್ಲಿ ಪದ್ಯವು ಕವಿಯದು. ಭಾಗವತರು ಅದನ್ನು ಹಾಡಿ, ಚೆಂಡೆ ಮದ್ದಲೆಗಳಿಗೆ ವೇಷಗಳು ಕುಣಿದ ಬಳಿಕ ಬರುವ ಮಾತು ಮಾತ್ರ ವೇಷಧಾರಿಯ ಸ್ವಂತದ್ದು. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಆದುದರಿಂದ ಎದುರಿನ ಸ್ತ್ರೀವೇಷವು ಏನು ಉತ್ತರ ಕೊಟ್ಟೀತೆಂಬುದು ಹೊಗಳುವವನಿಗೂ ತಿಳಿಯದು.

'ಸುಭದ್ರಾ ಕಲ್ಯಾಣ'ವನ್ನೇ ನೋಡಿ. ಅರ್ಜುನನು ಸನ್ಯಾಸಿಯ ಸೋಗಿನಲ್ಲಿದ್ದಾನೆ. ಬಲರಾಮನು ಅವನನ್ನು ನಂಬಿ ತಂಗಿಯನ್ನು ಸೇವೆಗೆ ಬಿಟ್ಟಿದ್ದಾನೆ. ಕಾವಿಯುಟ್ಟವನು ಕನ್ನಿಕೆಯ ಕಣ್ಣನ್ನು ಹೊಗಳುವಂತಿಲ್ಲ. ನುರಿತ ಅರ್ಥಧಾರಿಯಾದರೆ ಅವಳು ತಂದ ಹೂವನ್ನು ಹಿಡಿದು, "ಬೆಳಗ್ಗೆ ಕೊಯ್ದದ್ದು ಇನ್ನೂ ಬಾಡಿಲ್ಲವಲ್ಲ, ಯಾವ ಕೈಯಲ್ಲಿ ಬಂದಿತೋ!" ಎಂದಾನು. ಸುಭದ್ರೆಯು ತಲೆತಗ್ಗಿಸಿಯೇ, "ಎಲ್ಲವನ್ನೂ ಬಿಟ್ಟ ಸ್ವಾಮಿಗಳಿಗೆ ಹೂವಿನ ಲೆಕ್ಕ ಮಾತ್ರ ಬಿಟ್ಟಿಲ್ಲವೇ?" ಎಂದಳೆಂದರೆ ಸಭೆಯೆಲ್ಲ ಅವಳ ಕಡೆಗೆ ತಿರುಗುತ್ತದೆ. ಮೆಚ್ಚುಗೆಯೂ ಸಂದಿತು, ಅವಳ ಮಾನವೂ ಉಳಿಯಿತು.

ಎಲ್ಲ ರಾತ್ರಿಯೂ ಹೀಗೆಯೇ ನಡೆಯುತ್ತದೆಂದಲ್ಲ. ಸಭೆಯ ನಗೆಗೆ ಹಸಿದವನು ಅಂಗಾಂಗಗಳ ವರ್ಣನೆಗೆ ಇಳಿದು, ಎದುರಿನವಳಿಗೆ ಬಾಯಿ ತೆರೆಯಲು ಎಡೆಗೊಡದೆ ಮಾತನ್ನು ಲಂಬಿಸುವುದೂ ಉಂಟು. ಅದಕ್ಕೆ ಮುಂದಿನ ಸಾಲಿನಲ್ಲಿ ಚಪ್ಪಾಳೆಯೂ ಬೀಳುತ್ತದೆ, ನನಗಂತೂ ಎದ್ದುಹೋಗೋಣವೆನಿಸುತ್ತದೆ. ಆಗ ಭಾಗವತರು ತಾಳ ತಟ್ಟಿ ಮುಂದಿನ ಪದ್ಯವನ್ನು ಎತ್ತಿಬಿಟ್ಟರೆ ಅವನು ಸುಮ್ಮನಾಗಲೇಬೇಕು. ಭಾಗವತನೇ ಮೊದಲನೆಯ ವೇಷವೆಂಬ ಮಾತು ಸುಮ್ಮನೆ ಹುಟ್ಟಿದುದಲ್ಲ.

ಇನ್ನೊಂದು ಸಂಗತಿಯಿದೆ. ಬಹುಕಾಲ ಸುಭದ್ರೆಯ ಉತ್ತರವನ್ನೂ ಗಂಡಸರೇ ಹೇಳುತ್ತಿದ್ದರು. ಕೋಳ್ಯೂರು ರಾಮಚಂದ್ರ ರಾಯರಂತಹವರು ಸ್ತ್ರೀವೇಷಕ್ಕೆ ತಂದ ಗಾಂಭೀರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೂ ಅದು ಹೆಣ್ಣು ಹೀಗೆಂದಾಳೆಂದು ಗಂಡು ಊಹಿಸಿದ ಮಾತು. ಈಗ ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿನಿಯರೂ ಗೆಜ್ಜೆ ಕಟ್ಟುತ್ತಿದ್ದಾರೆ.

ಮೇಳಗಳು ಮಳೆಗಾಲ ಕಳೆದು ಹೊರಟು, ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆ ನಡುವೆ ಆ ಕಡೆಗೆ ಹೋಗುವ ಸಂದರ್ಭ ಬಂದರೆ, ಸನ್ಯಾಸಿಯ ಮಾತು ಮುಗಿದೊಡನೆ ನಿದ್ದೆಗೆ ಜಾರದೆ ಸುಭದ್ರೆಯ ಉತ್ತರಕ್ಕೂ ಕಿವಿಗೊಡಿ.