ಇಡೀ ಕಾರ್ನಿಯಾದಿಂದ ಒಂದು ಪದರಕ್ಕೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಮನೆಯವರು ಕಣ್ಣುಗಳನ್ನು ದಾನ ಮಾಡಿದರು. 2006ರಲ್ಲಿ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ಹೀಗೆಯೇ ದಾನವಾಗಿದ್ದವು. ಆದರೆ ಈ ಸಲ ಪತ್ರಿಕೆ ಓದಿದವರಿಗೆ ಲೆಕ್ಕ ಕೂಡಿಬರಲಿಲ್ಲ. ಕಣ್ಣು ಎರಡು, ದೃಷ್ಟಿ ಬಂದದ್ದು ನಾಲ್ವರಿಗೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಎರಡು ಪದರವಾಗಿ ಬಿಡಿಸಿ, ಮುಂದಿನ ಪದರವನ್ನು ಒಬ್ಬರಿಗೆ, ಹಿಂದಿನದನ್ನು ಮತ್ತೊಬ್ಬರಿಗೆ ಕಸಿ ಮಾಡಿದ್ದರು. ಮೂವತ್ತು ವರ್ಷ ಹಿಂದೆ ಒಂದು ಕಾರ್ನಿಯಾ ಎಂದರೆ ಒಬ್ಬ ರೋಗಿ, ಅಷ್ಟೇ.

ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಹೊದಿಕೆಯೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅಷ್ಟರಲ್ಲೇ ಹಲವು ಪದರಗಳಿವೆ. ಹೆಚ್ಚಿನ ಪಾಲು ನಡುವಿನ ನಾರಿನ ಪದರದ್ದು. ತೀರಾ ಒಳಮೈಯಲ್ಲಿರುವುದು ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಜೀವಕೋಶಗಳು. ಕಾರ್ನಿಯಾದೊಳಗೆ ಸೇರುವ ನೀರನ್ನು ಇವು ಹಗಲೂ ರಾತ್ರಿ ಹೊರಗೆ ದಬ್ಬುತ್ತಿರುತ್ತವೆ. ದಬ್ಬುವುದು ನಿಂತರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ. ಮನುಷ್ಯನ ಕಣ್ಣಿನಲ್ಲಿ ಈ ಕೋಶಗಳು ಸತ್ತರೆ ಅವುಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಕಸಿಯ ಕಥೆಯಲ್ಲಿ ಅರ್ಧ ಈ ಒಂದು ಸಾಲಿನದೇ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ವೈದ್ಯರಿಗೆ ಇದೆಲ್ಲ ತಿಳಿದಿರಲಿಲ್ಲ, ಹುಮ್ಮಸ್ಸಿಗೆ ಮಾತ್ರ ಕೊರತೆಯಿರಲಿಲ್ಲ. ಐರ್ಲೆಂಡಿನ ಸ್ಯಾಮ್ಯುಯೆಲ್ ಬಿಗ್ಗರ್ ಈಜಿಪ್ಟಿನಲ್ಲಿ ಅಲೆಮಾರಿ ಅರಬರ ಸೆರೆಯಾಳಾಗಿದ್ದಾಗ, ಕಣ್ಣು ಕಳೆದುಕೊಂಡ ಒಂದು ಸಾಕು ಜಿಂಕೆಗೆ ಮತ್ತೊಂದು ಜಿಂಕೆಯ ಕಾರ್ನಿಯಾ ಕೂರಿಸಿದ್ದಾಗಿ 1837ರಲ್ಲಿ ವರದಿ ಮಾಡಿದ. ಮರುವರ್ಷ ನ್ಯೂಯಾರ್ಕಿನಲ್ಲಿ ರಿಚರ್ಡ್ ಕಿಸ್ಸಮ್ ಹಂದಿಯ ಕಾರ್ನಿಯಾವನ್ನು ಮನುಷ್ಯನಿಗೇ ಹಾಕಿ ನೋಡಿದ. ಅದು ಬಹಳ ದಿನ ಉಳಿಯಲಿಲ್ಲ. ಜರ್ಮನಿಯ ಆರ್ಥರ್ ಫಾನ್ ಹಿಪ್ಪೆಲ್ 1880ರ ದಶಕದಲ್ಲಿ, ಇಡೀ ಕಾರ್ನಿಯಾವನ್ನು ಕತ್ತರಿಸುವುದೇ ತಪ್ಪು, ಕೆಟ್ಟ ಮೇಲ್ಪದರವನ್ನಷ್ಟೇ ತೆಗೆಯಬೇಕು ಎಂದು ವಾದಿಸಿದ. ಅವನ ಕೈಲಿದ್ದ ಉಪಕರಣಗಳು ಆ ಮಾತಿಗೆ ಸಾಲುವಂತಿರಲಿಲ್ಲ.

1905ರ ಡಿಸೆಂಬರ್ 7ರಂದು, ಇಂದು ಚೆಕ್ ಗಣರಾಜ್ಯದಲ್ಲಿರುವ ಓಲೊಮೌಟ್ಸ್ ಊರಿನಲ್ಲಿ, ಎಡುವಾರ್ಡ್ ತ್ಸಿರ್ಮ್ ಎಂಬ ವೈದ್ಯ ಒಬ್ಬ ಕೂಲಿಯಾಳಿನ ಕಣ್ಣುಗಳಿಗೆ ಕಸಿ ಮಾಡಿದ. ಸುಣ್ಣ ಸಿಡಿದು ಆತನ ಎರಡೂ ಕಣ್ಣುಗಳು ಸುಟ್ಟಿದ್ದವು. ಅದೇ ಸಮಯದಲ್ಲಿ ಪೆಟ್ಟು ತಿಂದ ಹನ್ನೊಂದು ವರ್ಷದ ಹುಡುಗನೊಬ್ಬನ ಕಣ್ಣನ್ನು ತೆಗೆಯಲೇಬೇಕಾಗಿ ಬಂತು, ಆದರೆ ಅದರ ಕಾರ್ನಿಯಾ ಸ್ವಚ್ಛವಾಗಿತ್ತು, ಕಸಿಗೆ ಅದನ್ನೇ ಬಳಸಿದ. ಒಂದು ಕಣ್ಣಿನ ಕಸಿ ಕೆಟ್ಟಿತು, ಇನ್ನೊಂದು ತಿಳಿಯಾಗಿ ನಿಂತಿತು, ಕೂಲಿಯಾಳು ಮತ್ತೆ ದುಡಿಮೆಗೆ ಹೋದ. ಮನುಷ್ಯನಿಂದ ಮನುಷ್ಯನಿಗೆ ಮಾಡಿ ಉಳಿದ ಮೊದಲ ಕಾರ್ನಿಯಾ ಕಸಿ ಇದು. ಮೂತ್ರಪಿಂಡ, ಹೃದಯಗಳ ಕಸಿಗೆ ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು. ಕಾರ್ನಿಯಾ ಅಷ್ಟು ಮುಂಚೆ ಒಲಿದದ್ದಕ್ಕೆ ಕಾರಣ ಅದರಲ್ಲಿ ರಕ್ತನಾಳಗಳೇ ಇಲ್ಲದಿರುವುದು. ಪರರ ಅಂಗವನ್ನು ಗುರುತಿಸಿ ಮುಗಿಬೀಳುವ ದೇಹದ ಕಾವಲುಪಡೆಗೆ ಅಲ್ಲಿಗೆ ಸಲೀಸು ದಾರಿಯಿಲ್ಲ.

ತ್ಸಿರ್ಮ್‌ನ ದಾನಿ ಬದುಕಿದ್ದವನು. ಆ ಅದೃಷ್ಟವನ್ನೇ ನಂಬಿಕೊಂಡು ಆಸ್ಪತ್ರೆ ನಡೆಯುವುದಿಲ್ಲವಲ್ಲ! ಸತ್ತವರ ಕಣ್ಣೂ ಆಗುತ್ತದೆ ಎಂದು 1930ರ ದಶಕದಲ್ಲಿ ಒಡೆಸ್ಸಾದ ವ್ಲಾದಿಮಿರ್ ಫಿಲಾತೊವ್ ತೋರಿಸಿಕೊಟ್ಟ ಮೇಲೆ ದಾರಿ ತೆರೆಯಿತು. ನ್ಯೂಯಾರ್ಕಿನ ಟೌನ್ಲಿ ಪೇಟನ್ ಸಿಂಗ್ ಸಿಂಗ್ ಸೆರೆಮನೆಯಲ್ಲಿ ಮರಣದಂಡನೆಗೆ ಒಳಗಾದವರ ಕಣ್ಣುಗಳನ್ನೂ ಪಡೆದು ಬಳಸುತ್ತಿದ್ದರು. 1944ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನೇತ್ರ ಬ್ಯಾಂಕ್ ಹುಟ್ಟಿತು. ಮರುವರ್ಷವೇ ಮದ್ರಾಸಿನಲ್ಲಿ ಡಾ. ಆರ್.ಇ.ಎಸ್. ಮುತ್ತಯ್ಯ ಭಾರತದ ಮೊದಲ ನೇತ್ರ ಬ್ಯಾಂಕನ್ನು ಆರಂಭಿಸಿದರು. ಮುಂದೆ ಸ್ಟೆರಾಯ್ಡ್ ಹನಿ, ಸೂಕ್ಷ್ಮದರ್ಶಕ, ಕೂದಲಿಗಿಂತ ತೆಳುವಾದ ನೈಲಾನ್ ದಾರ ಒಂದೊಂದಾಗಿ ಬಂದವು. 1974ರಲ್ಲಿ ಸಂಶೋಧಕರಾದ ಮೆಕ್ಯಾರಿ ಮತ್ತು ಕಾಫ್‌ಮನ್ ರೂಪಿಸಿದ ದ್ರಾವಣದಲ್ಲಿ ಕಾರ್ನಿಯಾ ಕೆಲವು ದಿನ ಕೆಡದೆ ಉಳಿಯುವಂತಾಯಿತು. ರಾತ್ರೋರಾತ್ರಿ ಮಾಡಬೇಕಿದ್ದ ಆಪರೇಷನ್ನಿಗೆ ಮೊದಲೇ ದಿನ ಗೊತ್ತುಮಾಡಬಹುದಾಯಿತು.

ಇಷ್ಟೆಲ್ಲ ಆದರೂ ಮೂಲ ವಿಧಾನ ಮಾತ್ರ ತ್ಸಿರ್ಮ್ ಕಾಲದ್ದೇ. ಕಾರ್ನಿಯಾದ ನಡುಭಾಗವನ್ನು ಆರಪಾರ ದುಂಡಗೆ ಕತ್ತರಿಸಿ ತೆಗೆಯುವುದು, ದಾನಿಯ ಬಿಲ್ಲೆಯನ್ನು ಇಟ್ಟು ಸುತ್ತಲೂ ಹೊಲಿಯುವುದು. ಹೊಲಿಗೆ ಎಳೆದ ಕಡೆ ಕಾರ್ನಿಯಾ ಸೊಟ್ಟಗಾಗಿ, ಕಸಿ ತಿಳಿಯಾಗಿದ್ದರೂ ಅಕ್ಷರ ಮಸುಕಾಗಿಯೇ ಕಾಣುತ್ತಿತ್ತು. ದೃಷ್ಟಿ ನೆಲೆಗೊಳ್ಳಲು ವರ್ಷ ಹಿಡಿಯುವುದೂ ಇತ್ತು. ಆ ಗಾಯ ಮೊದಲಿನ ಗಟ್ಟಿತನಕ್ಕೆ ಎಂದೂ ಮರಳದು. ವರ್ಷಗಳ ನಂತರ ಚೆಂಡೊಂದು ಕಣ್ಣಿಗೆ ಬಡಿದರೆ ಬಿರಿಯುವುದು ಅಲ್ಲೇ. ಕೆಟ್ಟಿರುವುದು ಒಳಗಿನ ಒಂದು ಸಾಲು ಕೋಶಗಳಷ್ಟೇ ಆಗಿದ್ದರೂ ರೋಗಿ ಇಷ್ಟನ್ನೂ ಅನುಭವಿಸಬೇಕಿತ್ತು.

ಇದನ್ನು ಬದಲಿಸಿದವರಲ್ಲಿ ಮುಖ್ಯರು ನೆದರ್ಲೆಂಡ್ಸ್‌ನ ವೈದ್ಯ ಖೆರಿಟ್ ಮೆಲ್ಲೆಸ್. 1990ರ ದಶಕದ ಕೊನೆಯಲ್ಲಿ ಅವರು ಹಿಂದಿನ ಪದರವನ್ನು ಮಾತ್ರ ಬದಲಿಸಿ, ಹೊಲಿಗೆಯ ಬದಲು ಗಾಳಿಯ ಗುಳ್ಳೆಯೊಂದರಿಂದ ಅದನ್ನು ಒತ್ತಿ ಅಂಟಿಸಿದರು. 2006ರಲ್ಲಿ ಇನ್ನೂ ಮುಂದೆ ಹೋಗಿ, ಎಂಡೋಥೀಲಿಯಂ ಮತ್ತು ಅದರ ಪೊರೆಯನ್ನಷ್ಟೇ ಕಸಿ ಮಾಡುವ ವಿಧಾನ ತಂದರು. ಈ ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಬಿಡಿಸಿದ ಕೂಡಲೇ ಒಣಗಿದ ಬಾಳೆಲೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಕಣ್ಣೊಳಗೆ ಅದನ್ನು ಸರಿಯಾದ ಮಗ್ಗುಲಿಗೇ ಬಿಡಿಸಿ ಹರಡುವುದು ಪಳಗಿದ ಕೈಗೂ ಪರೀಕ್ಷೆಯೇ. ಗುಳ್ಳೆ ಮೇಲೇರಿ ಪದರವನ್ನು ಒತ್ತಿ ಹಿಡಿಯಲೆಂದು ರೋಗಿ ಸೂರು ನೋಡುತ್ತ ಅಂಗಾತ ಮಲಗಿರಬೇಕು. ಮುಂದಿನ ಪದರ ಮಾತ್ರ ಕೆಟ್ಟವರಿಗೆ, ಒಳಸಾಲನ್ನು ರೋಗಿಯದ್ದೇ ಉಳಿಸಿಕೊಂಡು ಉಳಿದದ್ದನ್ನು ಬದಲಿಸುವ ವಿಧಾನವನ್ನು ನೇತ್ರವೈದ್ಯ ಮೊಹಮ್ಮದ್ ಅನ್ವರ್ 2002ರಲ್ಲಿ ಸುಲಭಗೊಳಿಸಿದರು. ಅಲ್ಲಿಯೂ ಗಾಳಿಯದೇ ಕೈಚಳಕ: ಕಾರ್ನಿಯಾದೊಳಕ್ಕೆ ಗಾಳಿ ಚುಚ್ಚಿ ಪದರಗಳನ್ನು ಬೇರೆ ಮಾಡುವುದು.

ಅಮೆರಿಕದಲ್ಲಿ 2012ರ ಹೊತ್ತಿಗೆ ಹಿಂಪದರದ ಕಸಿಗಳು ಪೂರ್ಣ ಕಸಿಗಳ ಸಂಖ್ಯೆಯನ್ನು ದಾಟಿದವು. ಅಲ್ಲಿನ ರೋಗಗಳೂ ಅದಕ್ಕೆ ಹೊಂದುತ್ತವೆ. 1980ರ ದಶಕದಲ್ಲಿ ಕಣ್ಣಿನ ಪೊರೆ (ಕ್ಯಾಟರಾಕ್ಟ್) ತೆಗೆದು ಕೂರಿಸಿದ ಹಳೆಯ ಬಗೆಯ ಕೃತಕ ಮಸೂರಗಳು ಒಳಸಾಲನ್ನು ಸವೆಸಿದ್ದವು. ಒಳ್ಳೆಯ ಮಸೂರಗಳು ಬಂದ ಮೇಲೆ ಫುಕ್ಸ್ ಡಿಸ್ಟ್ರೋಫಿ ಎಂಬ ವಯಸ್ಸಾದವರ ಕಾಯಿಲೆ ಮುಂದೆ ಬಂತು. ಕಾರ್ನಿಯಾ ಚೂಪಾಗಿ ಮುಂಚಾಚುವ ಕೆರಟೊಕೋನಸ್‌ನ ಲೆಕ್ಕ ಬೇರೆ. ಬಿ2 ವಿಟಮಿನ್ ಹನಿ ಹಾಕಿ ನೇರಳಾತೀತ ಬೆಳಕು ಬೀರಿ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಬಂದ ಬಳಿಕ ನೆದರ್ಲೆಂಡ್ಸ್‌ನಲ್ಲಿ ಈ ರೋಗಕ್ಕೆ ಕಸಿ ಸುಮಾರು ಕಾಲು ಭಾಗ ಇಳಿಯಿತು. ಕಸಿಯೇ ಬೇಡವಾಗುವುದಕ್ಕಿಂತ ದೊಡ್ಡ ಪ್ರಗತಿ ಯಾವುದಿದ್ದೀತು?

ಕ್ಯೋಟೊದ ಶಿಗೆರು ಕಿನೊಶಿತಾ ಅವರ ತಂಡ ಪದರವನ್ನೂ ಬಿಟ್ಟು ಬರಿಯ ಕೋಶಗಳಿಗೆ ಇಳಿಯಿತು. ದಾನಿಯ ಎಂಡೋಥೀಲಿಯಂ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸೂಜಿಯಿಂದ ಕಣ್ಣೊಳಗೆ ಬಿಡುತ್ತಾರೆ. ಕೋಶಗಳು ಕಾರ್ನಿಯಾದ ಒಳಮೈಗೆ ಇಳಿದು ಕೂರಲೆಂದು ಇಲ್ಲಿ ರೋಗಿ ಬೋರಲಾಗಿ ಮಲಗುವುದು, ಮೂರು ಗಂಟೆ. ಮೊದಲ 11 ಮಂದಿಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು, 2023ರಲ್ಲಿ ಜಪಾನ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಹೀಗಾದರೆ ಒಬ್ಬ ದಾನಿಯ ಕೋಶಗಳು ಹಲವಾರು ಜನಕ್ಕೆ ಒದಗುತ್ತವೆ. ಅದರ ಅಗತ್ಯವೂ ಕಡಿಮೆಯೇನಿಲ್ಲ. 2012ರ ಅಂಕಿಗಳನ್ನು ಆಧರಿಸಿದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ ಆ ವರ್ಷ 116 ದೇಶಗಳಲ್ಲಿ ನಡೆದದ್ದು 1,84,576 ಕಸಿಗಳು, ಬೇಕಿರುವ 70 ಮಂದಿಗೆ ಸಿಗುತ್ತಿದ್ದುದು ಒಂದು ಕಾರ್ನಿಯಾ.

ಭಾರತದಲ್ಲಿ ಮಾತ್ರ ಹಳೆಯ ವಿಧಾನಕ್ಕೆ ಇನ್ನೂ ಬಿಡುವಿಲ್ಲ. ಭತ್ತದ ಹೊಟ್ಟು ಸಿಡಿದು, ಕಬ್ಬಿನ ಗರಿ ಗೀರಿ, ಶಿಲೀಂಧ್ರ ಹತ್ತಿ ಕೀವಾದ ಕಾರ್ನಿಯಾಕ್ಕೆ ಯಾವ ಪದರವೆಂದು ಆರಿಸುವ ಮಾತೇ ಇಲ್ಲ. ಆರಪಾರ ಕೊಳೆತದ್ದನ್ನು ಆರಪಾರವೇ ತೆಗೆಯಬೇಕು. ಹೀಗೆ ಒಂದೊಂದು ಕಣ್ಣಿನ ಅಗತ್ಯ ಒಂದೊಂದು ಬಗೆಯದಾದ್ದರಿಂದ ನೇತ್ರ ಬ್ಯಾಂಕುಗಳು ಬಂದ ಪ್ರತಿ ಕಾರ್ನಿಯಾದ ಒಳಸಾಲಿನ ಕೋಶಗಳನ್ನು ಎಣಿಸಿ ವಿಂಗಡಿಸುತ್ತವೆ. ಕೋಶಗಳು ದಟ್ಟವಾಗಿದ್ದರೆ ಹಿಂಪದರದ ಕಸಿಗೆ, ವಿರಳವಾಗಿದ್ದರೆ ಮುಂಪದರದ ಕಸಿಗೆ ಅಥವಾ ಕಣ್ಣುಗುಡ್ಡೆಯನ್ನು ಉಳಿಸುವ ತುರ್ತು ಆಪರೇಷನ್ನಿಗೆ. ಗ್ಲಿಸರಿನ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಕಾರ್ನಿಯಾದಲ್ಲಿ ಜೀವಂತ ಕೋಶ ಇರುವುದಿಲ್ಲ, ಅದನ್ನು ಆರಪಾರ ಕಸಿ ಮಾಡಿದರೆ ನೋಟ ಮರಳದು. ಆದರೂ 2020ರ ಲಾಕ್‌ಡೌನಿನಲ್ಲಿ ನೇತ್ರದಾನ ಬಹುಮಟ್ಟಿಗೆ ನಿಂತಾಗ, ತೂತು ಬಿದ್ದ ಕಣ್ಣುಗಳನ್ನು ಮುಚ್ಚಲು ವೈದ್ಯರು ಇಂಥ ಕಾರ್ನಿಯಾಗಳನ್ನೇ ಬಳಸಿದರು.